‘ಸ್ನಾಯು’ ಎಂಬ ಪದದ ಸಂಚಾರ

ಕಾಲು ಉಳುಕಿಸಿಕೊಂಡ ಕನ್ನಡಿಗರೊಬ್ಬರು ಕಾಸರಗೋಡಿನ ಆಸ್ಪತ್ರೆಗೆ ಹೋದರೆಂದು ಭಾವಿಸೋಣ. ವೈದ್ಯರು ಮಲಯಾಳಂನಲ್ಲಿ ‘ಸ್ನಾಯು’ವಿಗೆ ಪೆಟ್ಟಾಗಿದೆ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಮಾಂಸಖಂಡ. ವೈದ್ಯರ ಮನಸ್ಸಿನಲ್ಲಿರುವುದು ಎಲುಬನ್ನು ಎಲುಬಿಗೆ ಬಿಗಿಯುವ ಕಟ್ಟು, ಎಂದರೆ ಲಿಗಮೆಂಟ್. ಪದ ಒಂದೇ, ಅಂಗ ಬೇರೆ.

ಈ ಭೇದದ ಬೇರು ಸುಶ್ರುತ ಸಂಹಿತೆಯಷ್ಟು ಹಳೆಯದು. ಅದರ ಶಾರೀರಸ್ಥಾನದಲ್ಲಿ ಪೇಶಿಗಳು 500, ಸ್ನಾಯುಗಳು 900, ಕಂಡರಗಳು 16 ಎಂಬ ಎಣಿಕೆಯಿದೆ. ಮಾಂಸದ ಭಾಗಗಳಿಗೆ ಪೇಶಿಯೆಂದು ಹೆಸರು. ಹಲಗೆಗಳನ್ನು ಬಿಗಿಯಾಗಿ ಕಟ್ಟಿದ ದೋಣಿ ಭಾರವನ್ನು ಹೊರುವಂತೆ, ಸ್ನಾಯುಗಳಿಂದ ಕಟ್ಟಿದ ಸಂಧಿಗಳುಳ್ಳ ದೇಹವೂ ಭಾರವನ್ನು ಹೊರುತ್ತದೆ ಎಂಬುದು ಅಲ್ಲಿನ ಹೋಲಿಕೆ. ಸ್ನಾಯುವಿನ ಗಾಯ ಎಲುಬಿನ ಗಾಯಕ್ಕಿಂತಲೂ ಕೇಡೆಂದು ಆ ಗ್ರಂಥ ಎಚ್ಚರಿಸುತ್ತದೆ.

ಮುಂದೆ ದೇಶಭಾಷೆಗಳು ಈ ಪದಗಳನ್ನು ತಮತಮಗೆ ಒಗ್ಗುವಂತೆ ಹಂಚಿಕೊಂಡವು. ಮಲಯಾಳಂ ಪೇಶಿ, ಸ್ನಾಯುಗಳ ಹಳೆಯ ಅರ್ಥವನ್ನೇ ಉಳಿಸಿಕೊಂಡಿತು. ಕನ್ನಡ, ಮರಾಠಿಗಳಲ್ಲಿ ಸ್ನಾಯುವೇ ಮಾಂಸಖಂಡವಾಯಿತು. ಆದುದರಿಂದ ಸೊಲ್ಲಾಪುರ, ಜತ್ತಗಳ ಕನ್ನಡಿಗರಿಗೆ ಈ ತೊಡಕಿಲ್ಲ. ತೆಲುಗು ಕಂಡರವನ್ನು ಆ ಅರ್ಥಕ್ಕೆ ತಂದುಕೊಂಡಿತು. ತಮಿಳು ‘ತಸೈ’ ಎಂದಿತು. ಹಳೆಯ ಸ್ನಾಯುವಿನ ಸ್ಥಾನಕ್ಕೆ ಕನ್ನಡದ ಪಠ್ಯಗಳು ‘ಅಸ್ಥಿರಜ್ಜು’ವನ್ನು ತಂದವು.

ಆದರೆ ನೋವಿನ ಮಾತುಗಳು ಶಾಸ್ತ್ರಕ್ಕೆ ಕಾಯಲಿಲ್ಲ. ಕನ್ನಡದ ಉಳುಕು ಮಲಯಾಳಂನಲ್ಲಿ ಉಳುಕ್ಕ್, ತಮಿಳಿನಲ್ಲಿ ಸುಳುಕ್ಕು. ತೆಲುಗಿನಲ್ಲಿ ಮಾತ್ರ ಬೆಣುಕು. ಸೆಳೆತ, ಚಳುಕು, ಜೋಮು ಇವು ಒಂದೊಂದೂ ಬೇರೆ ಬೇರೆ ಅನುಭವಗಳು. ಲ್ಯಾಟಿನ್ನಿನವರು ಮಾಂಸಖಂಡದಲ್ಲಿ ಪುಟ್ಟ ಇಲಿಯನ್ನು ಕಂಡು ‘ಮಸ್ಕ್ಯುಲಸ್’ ಎಂದರು. ನಮ್ಮವರು ಮೊಣಕಾಲಿನ ಕೆಳಗಿನ ಹಿಂಭಾಗದಲ್ಲಿ ಮೀನನ್ನು ಕಂಡು ‘ಮೀನಖಂಡ’ ಎಂದರು.

ಗಡಿನಾಡಿನ ಮನೆಗಳಲ್ಲಿ ಹಿರಿಯರು ಈ ದೇಶ್ಯ ಪದಗಳಲ್ಲಿಯೇ ನೋವನ್ನು ಹೇಳುತ್ತಾರೆ. ಅದನ್ನು ವೈದ್ಯರಿಗೆ ತಲುಪಿಸುವವರು ಅನ್ಯಭಾಷೆಯ ಶಾಲೆಯಲ್ಲಿ ಓದಿದ ಮೊಮ್ಮಕ್ಕಳು. ಸೆಳೆತವೋ ಉಳುಕೋ ಎಂಬುದು ಅವರಿಗೆ ತಿಳಿಯದಿದ್ದರೆ ಅಜ್ಜಿಯ ನೋವಿನ ಅರ್ಧ ಭಾಗ ದಾರಿಯಲ್ಲೇ ಕಳೆದುಹೋಗುತ್ತದೆ. ಆದುದರಿಂದ ಈ ಪದಗಳನ್ನು ಮಕ್ಕಳಿಗೆ ಕಲಿಸುವುದು ಭಾಷಾಭಿಮಾನದ ಕೆಲಸವಷ್ಟೇ ಅಲ್ಲ, ಮನೆಯ ಹಿರಿಯರ ಆರೈಕೆಯೂ ಹೌದು.