ಮದ್ದು ಕುಡಿದ ವೈದ್ಯ

ಮನಸ್ಸು ಕುಗ್ಗಿದವರಿಗೆ ನಾವೆಲ್ಲ ಹೇಳುವ ಮಾತು ಒಂದೇ: ‘ಧೈರ್ಯ ತಂದುಕೊಳ್ಳಿ.’ ಆ ಮಾತಿನಿಂದ ಯಾರಿಗಾದರೂ ಧೈರ್ಯ ಬಂದದ್ದನ್ನು ನಾನಂತೂ ಕಂಡಿಲ್ಲ. ಹಾಗಾದರೆ ಹೇಳಬೇಕಾದದ್ದೇನು? ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಆರನ್ ಬೆಕ್ ಎಂಬ ಮನೋವೈದ್ಯನ ಚರಿತ್ರೆಯಲ್ಲಿ ಇದಕ್ಕೊಂದು ಉತ್ತರವಿದೆ.

ಬೆಕ್ ಫ್ರಾಯ್ಡನ ಪಂಥದಲ್ಲಿ ಪಳಗಿದವನು. ಇತರರ ಮೇಲಿನ ಸಿಟ್ಟು ಒಳಮುಖವಾಗಿ ತಿರುಗಿದಾಗ ಖಿನ್ನತೆ ಹುಟ್ಟುತ್ತದೆಂಬುದು ಆ ಪಂಥದ ಸಿದ್ಧಾಂತ. ಅದನ್ನು ಪ್ರಮಾಣಸಹಿತ ಸ್ಥಾಪಿಸಲೆಂದೇ ಆತ ರೋಗಿಗಳ ಕನಸುಗಳನ್ನು ಪರೀಕ್ಷಿಸಿದ. ಅಲ್ಲಿ ಕಂಡದ್ದು ಸಿಟ್ಟಲ್ಲ. ಸೋಲು, ನಷ್ಟ, ನಿರಾಶೆ. ಎಚ್ಚರದಲ್ಲಿಯೂ ‘ನಾನು ಯಾವುದಕ್ಕೂ ಬಾರದವನು’ ಎಂಬಂಥ ಯೋಚನೆಗಳು ಅವರಲ್ಲಿ ತಾವಾಗಿಯೇ ಸುಳಿಯುತ್ತಿದ್ದವು; ಅವನ್ನು ಅವರು ನಿಜವೆಂದೇ ನಂಬಿದ್ದರು.

ಬೆಕ್ ಆ ಯೋಚನೆಗಳನ್ನು ಗದರಿಸಿ ಓಡಿಸಲಿಲ್ಲ. ಹೊಗಳಿ ಸಮಾಧಾನಪಡಿಸಲೂ ಇಲ್ಲ. ‘ಇದಕ್ಕೆ ಆಧಾರವೇನು? ಬೇರೆ ಬಗೆಯಲ್ಲಿ ನೋಡಲು ಸಾಧ್ಯವೇ?’ ಎಂದು ರೋಗಿಯೊಡನೆ ಕುಳಿತು ವಿಚಾರಿಸಿದ. ೧೯೬೩ರಿಂದ ಪ್ರಬಂಧಗಳಲ್ಲಿ, ೧೯೭೯ರಲ್ಲಿ ಗ್ರಂಥರೂಪದಲ್ಲಿ ಈ ವಿಚಾರ ಬೆಳಕಿಗೆ ಬಂದಿತು. ನೂರು ವರ್ಷ ತುಂಬಿದ ಬಳಿಕ, ೨೦೨೧ರಲ್ಲಿ ಆತ ತೀರಿಕೊಂಡ.

ನನಗೆ ಹಿರಿದೆನಿಸುವುದು ಇಷ್ಟು: ಸಾಕ್ಷ್ಯ ತಿರುಗಿ ನಿಂತಾಗ ಬೆಕ್ ತನ್ನ ನಂಬಿಕೆಯನ್ನೇ ಕೈಬಿಟ್ಟ. ರೋಗಿಗೆ ಕೊಟ್ಟ ಮದ್ದನ್ನು ಮೊದಲು ಕುಡಿದವನು ವೈದ್ಯನೇ.