ಕುರಕುಂಭ: ಕೊರೋನಾ ಕಾಲದ ಲಾರಿವಾಸ

ಕುರಕುಂಭ ಮಹಾರಾಷ್ಟ್ರದ ಪುಣೆ ಜಿಲ್ಲೆ, ದೌಂಡ್ ತಾಲೂಕಿನ ಗ್ರಾಮ. ಸಹ್ಯಾದ್ರಿಯ ಮಳೆನೆರಳಿನ ಬಿರುಬಿಸಿಲ ಸೀಮೆ. ಫಿರಂಗಾಯಿ ದೇವಿಯ ಗುಡಿ ಇಲ್ಲಿದೆ. ರಾಸಾಯನಿಕ, ಔಷಧ ಕಾರ್ಖಾನೆಗಳ ಕೈಗಾರಿಕಾ ಪ್ರದೇಶವೂ ಇದೆ. ಪುಣೆ–ಸೊಲ್ಲಾಪುರ ಹೆದ್ದಾರಿ (ರಾ.ಹೆ. 65) ಮುಂದೆ ಬೀದರ್ ಜಿಲ್ಲೆಯ ಹುಮನಾಬಾದಿನತ್ತ ಸಾಗುವುದರಿಂದ ಆ ಕಡೆಯ ಲಾರಿ ಚಾಲಕರಿಗೆ ಇದು ದಾರಿಯ ಊರು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಹೆದ್ದಾರಿಯ ಢಾಬಾ, ಗ್ಯಾರೇಜುಗಳು ಮುಚ್ಚಿದವು. ಚಾಲಕರಿಗೆ ಕ್ಯಾಬಿನ್ನೇ ಮನೆಯಾಯಿತು. ಸ್ಟೋವ್, ಅಕ್ಕಿ, ಬೇಳೆ, ನೀರಿನ ಕ್ಯಾನ್ ಜೊತೆಗಿಟ್ಟುಕೊಳ್ಳುವುದು ದೂರದ ಹಾದಿಯವರ ಹಳೆಯ ರೂಢಿ. ಆ ದಿನಗಳಲ್ಲಿ ಅದೇ ಜೀವ ಉಳಿಸಿತು. ಲಾರಿಯ ನೆರಳಲ್ಲಿ ಅಡುಗೆ, ಸೀಟಿನ ಹಿಂದಿನ ಹಲಗೆಯ ಮೇಲೆ ನಿದ್ದೆ, ಊರಿನವರೊಡನೆ ಮೊಬೈಲಿನಲ್ಲೇ ಮಾತು. ಸೋಂಕಿನ ಅಂಜಿಕೆಯಿಂದ ಹಳ್ಳಿಗಳು ಹೊರಗಿನವರನ್ನು ದೂರವಿಟ್ಟ ಕಾಲವದು. ಔಷಧದ ಸರಕು ನಾಡಿಗೆ ತಲುಪಿದ್ದು ಈ ಚಾಲಕರ ದುಡಿಮೆಯಿಂದ. ಅದಕ್ಕೆ ಸಿಕ್ಕ ಮನ್ನಣೆ ತೀರ ಕಡಿಮೆ.

ಏಪ್ರಿಲ್ 20ರಿಂದ ಹೆದ್ದಾರಿ ಢಾಬಾ, ಲಾರಿ ದುರಸ್ತಿ ಅಂಗಡಿಗಳನ್ನು ತೆರೆಯಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಲಾರಿಯೊಂದಕ್ಕೆ ಇಬ್ಬರು ಚಾಲಕರು, ಒಬ್ಬ ಸಹಾಯಕ ಎಂಬುದು ಆಗಿನ ಮಿತಿಯಾಗಿತ್ತು.