ಹೀಬ್ರೂ ‘ಅಹಾಲೀಮ್’ ಶಬ್ದವೂ ಕನ್ನಡದ ‘ಅಗಿಲ್’ ಶಬ್ದವೂ

ಹಳೆಯ ಒಡಂಬಡಿಕೆಯ ಹೀಬ್ರೂ ಮೂಲದಲ್ಲಿ ‘ಅಹಾಲೀಮ್’ ಅಥವಾ ‘ಅಹಾಲೋತ್’ ಎಂಬ ಶಬ್ದವು ನಾಲ್ಕು ಕಡೆಗಳಲ್ಲಿ ಬಂದಿದೆ. ಕೀರ್ತನೆಯಲ್ಲಿ (೪೫:೮) ಅದು ಅರಸನ ಉಡುಪಿನ ಪರಿಮಳ. ಜ್ಞಾನೋಕ್ತಿಯಲ್ಲಿ (೭:೧೭) ಹಾಸಿಗೆಗೆ ಚಿಮುಕಿಸಿದ ಸುಗಂಧ. ಪರಮಗೀತದಲ್ಲಿ (೪:೧೪) ಜಟಾಮಾಂಸಿ ಕೇಸರಿಗಳೊಡನೆ ಎಣಿಸಿದ ದ್ರವ್ಯ. ಇಂಗ್ಲಿಷ್ ಭಾಷಾಂತರಕಾರರು ಇದನ್ನು ‘ಆಲೋಸ್’ ಎಂದುದರಿಂದ ಲೋಳೆಸರವೆಂಬ ಭ್ರಾಂತಿಗೆ ಎಡೆಯಾಯಿತು. ಲೋಳೆಸರದ ರಸವು ಒಣಗಿದರೆ ಕಹಿಯಾದ ಮುಸಬ್ಬರವಾದೀತೇ ಹೊರತು ರಾಜವಸ್ತ್ರಕ್ಕೆ ಹಿಡಿಸುವ ಪರಿಮಳವಾಗಲಾರದು. ಇಲ್ಲಿ ವಿವಕ್ಷಿತವಾದುದು ರಾಳ ತುಂಬಿ ಕಪ್ಪಾದ ಅಗರುಮರದ ತಿರುಳೆಂದೇ ಬಹುಮಂದಿ ವಿದ್ವಾಂಸರ ಮತ. ಅರಣ್ಯಕಾಂಡದ (೨೪:೬) ಪ್ರಯೋಗವೊಂದು ಮಾತ್ರ ತೊಡಕಿನದು. ಅಲ್ಲಿ ನೆಟ್ಟು ಬೆಳೆದ ಮರದ ಮಾತಿದೆ, ಅಗರುವಾದರೋ ಅಸ್ಸಾಮಿನ ಮತ್ತು ಪೂರ್ವದ್ವೀಪಗಳ ಕಾಡುಮರ.

ಕಾಲ್ಡ್ವೆಲ್ಲರು ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ (ಪ್ರಥಮ ಮುದ್ರಣ ೧೮೫೬) ಈ ಶಬ್ದವನ್ನು ತಮಿಳು ಮಲೆಯಾಳಗಳ ‘ಅಗಿಲ್’ ಶಬ್ದಕ್ಕೆ ಜೋಡಿಸಿದರು. ಸಂಸ್ಕೃತದ ‘ಅಗುರು’ವಿನಲ್ಲಿ ರೇಫವಿದೆ, ಹೀಬ್ರೂವಿನಲ್ಲಿ ಲಕಾರ, ಆದುದರಿಂದ ವಾದವು ಮನಸ್ಸನ್ನು ಸೆಳೆಯುತ್ತದೆ. ಆದರೆ ಪಾಳಿಯಲ್ಲಿ ‘ಅಗಲು’ ಎಂಬ ರೂಪವೂ ಉಂಟು, ಗ್ರೀಕರ ‘ಅಗಲ್ಲೋಖೊನ್’ ಶಬ್ದದಲ್ಲಿಯೂ ಲಕಾರವೇ. ಲಕಾರವೊಂದರಿಂದಲೇ ಮೂಲವನ್ನು ನಿರ್ಣಯಿಸುವುದು ಸಾಹಸವೇ ಸರಿ. ಗಕಾರವು ಹಕಾರವಾದುದಕ್ಕೂ ಕಾರಣ ಹೇಳಬೇಕಾಗುತ್ತದೆ. ಕನ್ನಡದ ಮಟ್ಟಿಗೆ ಗಮನಿಸತಕ್ಕದ್ದು ಬೇರೆ. ಇಲ್ಲಿ ‘ಅಗಿಲ್’ ಮರದ ಹೆಸರಾಗಿಯೇ ನಿಲ್ಲದೆ ‘ಪರಿಮಳ’ ಎಂಬ ಅರ್ಥವನ್ನೂ ಪಡೆಯಿತು. ಮರವನ್ನು ಕಾಣದೆ ಕಂಪನ್ನು ಮಾತ್ರ ಬಲ್ಲ ಜನರ ಬಾಯಲ್ಲಿ ಹೀಗಾಗುವುದು ಸಹಜ.

ಸರಕಿನೊಡನೆ ಹೆಸರೂ ಸಾಗುವುದೆಂಬುದೇ ಕಾಲ್ಡ್ವೆಲ್ಲರ ವಾದಕ್ಕೆ ಆಧಾರ. ಇದನ್ನು ಪರೀಕ್ಷಿಸುವುದಕ್ಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯು ತಕ್ಕುದಾಗಿದೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ೧೦ನೆಯ ಶತಮಾನದ ಅಲ್ ಮಸೂದಿಯು ಈ ನಗರವನ್ನು ‘ಮಾನಕೀರ್’ ಎಂದೂ ಇಲ್ಲಿಯ ಅರಸನನ್ನು ‘ಬಲ್ಹರಾ’ (ವಲ್ಲಭರಾಜ) ಎಂದೂ ಕರೆದಿದ್ದಾನೆ. ಮುಂದೆ ಇದೇ ನಾಡನ್ನಾಳಿದ ಚಾಳುಕ್ಯರ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧ ತಯಾರಿಕೆಗೂ ಎಡೆ ದೊರೆತಿದೆ, ೧೨ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ವಿಲೇಪನವೂ ಧೂಪವೂ ಅರಸನ ಭೋಗಗಳೆನಿಸಿವೆ. ಹೀಗೆ ಪರಿಮಳಕ್ಕೆ ಶಾಸ್ತ್ರವನ್ನೇ ಕಟ್ಟಿದ ನಾಡಿನೊಡನೆ ಬಳಕೆಯಿದ್ದರೂ ಅರಬರು ‘ಅಗಿಲ್’ ಶಬ್ದವನ್ನು ಒಯ್ಯಲಿಲ್ಲ. ಅವರ ಭಾಷೆಯಲ್ಲಿ ಅಗರುವಿಗೆ ‘ಊದ್’, ಎಂದರೆ ಬರಿಯ ‘ಕಟ್ಟಿಗೆ’, ಎಂದೇ ಹೆಸರು.

ನಡೆದುದು ತದ್ವಿರುದ್ಧ. ಕಲಬುರಗಿಯಲ್ಲಿ ೧೩೪೭ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಯಿತು. ೧೯೪೮ರವರೆಗೆ ಈ ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ದಖನಿ ಉರ್ದುವಿನ ಒಡನಾಟದಿಂದ ಆ ‘ಊದ್’ ಶಬ್ದವೇ ಕನ್ನಡಕ್ಕೆ ಬಂದು ‘ಊದುಬತ್ತಿ’, ‘ಊದಿನಕಡ್ಡಿ’ಗಳಲ್ಲಿ ನೆಲೆಸಿತು. ಅಗರುವಿನ ಚೂರೂ ಇಲ್ಲದ ಕಡ್ಡಿಯನ್ನು ಅಂಗಡಿಯಲ್ಲಿ ಒಬ್ಬರು ‘ಅಗರಬತ್ತಿ’ ಎಂದು ಕೇಳಿದರೆ ಮತ್ತೊಬ್ಬರು ‘ಊದುಬತ್ತಿ’ ಎಂದು ಕೇಳುತ್ತಾರೆ. ಎರಡಕ್ಕೂ ಮೂಲವಸ್ತು ಒಂದೇ. ಈ ‘ಊದು’ವನ್ನು ಬಾಯಿಂದ ಗಾಳಿ ಬಿಡುವ ‘ಊದು’ ಧಾತುವಿನ ಕೆಳಗೆ ಸೇರಿಸುವುದು ಸಲ್ಲದು. ಕೋಶದಲ್ಲಿ ಅದಕ್ಕೆ ಬೇರೆ ನಮೂದೇ ಬೇಕು.